ವೈಮಾನಿಕರ ಬೆನ್ನೆಲುಬು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಹೊಲಗಳ ಮೇಲೆ ವಿಮಾನವೊಂದು ಹಾದುಹೋದರೆ ಕಬ್ಬು ಕಡಿಯುವವರು ಈಗಲೂ ಕೈ ತಡೆದು ತಲೆಯೆತ್ತಿ ನೋಡುವುದುಂಟು. ಮೇಲಿನವನು ಕುಳಿತಲ್ಲಿಯೇ ಊರು ದಾಟುತ್ತಾನೆ, ಹೊರೆಯೆಲ್ಲ ಕೆಳಗಿನವರ ಬೆನ್ನಿಗೆ ಎಂದು ಅವರಿಗೆ ಅನ್ನಿಸಿದರೆ ತಪ್ಪೇನೂ ಇಲ್ಲ. ಆದರೆ ವಯಸ್ಸಾದ ವೈಮಾನಿಕರು ಕಲೆತು ಮಾತಿಗೆ ಕುಳಿತರೆ ಅವರೂ ಬೆನ್ನಿನ ಮಾತನ್ನೇ ತೆಗೆಯುವರು.

2019ನೆಯ ಇಸವಿಯ ಸೆಪ್ಟೆಂಬರ್ 2ರಂದು ಪಠಾಣಕೋಟದ ವಿಮಾನ ನೆಲೆಯಿಂದ ಒಂದು ಮಿಗ್-21 ವಿಮಾನದಲ್ಲಿ ಇಬ್ಬರು ಹಾರಿದರು. ಒಬ್ಬರು ಆಗಿನ ವಾಯುದಳದ ಮುಖ್ಯಸ್ಥ ಬಿ. ಎಸ್. ಧನೋವಾ, ಅವರಿಗೆ 62 ತುಂಬಲು ಐದೇ ದಿನ ಉಳಿದಿದ್ದಿತು. ಇನ್ನೊಬ್ಬರು ಅದೇ ವರ್ಷ ಫೆಬ್ರುವರಿ 27ರಂದು ಉರಿಯುವ ವಿಮಾನದಿಂದ ಚಿಮ್ಮಿ ಪಾಕಿಸ್ತಾನದ ಕೈಗೆ ಸಿಕ್ಕು, ಮಾರ್ಚ್ 1ರಂದು ಮರಳಿದ ಅಭಿನಂದನ್ ವರ್ಧಮಾನ್. ಇಳಿದ ಮೇಲೆ ಧನೋವಾ ಅವರು ಹೇಳಿದುದು ಇಷ್ಟು: ತಾವೂ 1988ರಲ್ಲಿ ವಿಮಾನದಿಂದ ಹೀಗೆಯೇ ಚಿಮ್ಮಿದವರು, ಮತ್ತೆ ಹಾರಲು ತಮಗೆ ಒಂಬತ್ತು ತಿಂಗಳು ಹಿಡಿಯಿತು, ಈತ ಆರು ತಿಂಗಳಿನೊಳಗೆ ಬಂದಿದ್ದಾನೆ. ಹಿರಿಯ ವೈಮಾನಿಕರು ತಿಂಗಳುಗಳನ್ನು ಹೀಗೆ ಎಣಿಸಿಕೊಳ್ಳುವುದಕ್ಕೆ ಕಾರಣವಿದೆ. ಆ ತಿಂಗಳುಗಳು ಬಹುಮಟ್ಟಿಗೆ ಎಲುಬು ಕೂಡುವ ತಿಂಗಳುಗಳು.

ನಮ್ಮ ನಾಡಿನವರೇ ಆದ ಏರ್ ಮಾರ್ಷಲ್ ಕೆ. ಸಿ. ಕಾರ್ಯಪ್ಪನವರ ಸಂಗತಿ ಇದಕ್ಕಿಂತ ಹಳೆಯದು. ಮುಂದೆ ಫೀಲ್ಡ್ ಮಾರ್ಷಲ್ ಆದ ಕೊಡಗಿನ ಕೆ. ಎಂ. ಕಾರ್ಯಪ್ಪನವರ ಮಗ ಇವರು. 1965ರ ಯುದ್ಧದಲ್ಲಿ 27 ವರ್ಷದ ತರುಣ. ಸೆಪ್ಟೆಂಬರ್ 22ರಂದು, ಯುದ್ಧ ನಿಲ್ಲುವ ಹೊತ್ತಿನಲ್ಲಿ, ಅವರ ಹಂಟರ್ ವಿಮಾನಕ್ಕೆ ನೆಲದಿಂದ ಹಾರಿಸಿದ ಗುಂಡು ತಾಗಿತು. ವಿಮಾನದಿಂದ ಚಿಮ್ಮಿ ಶತ್ರುವಿನ ನೆಲದಲ್ಲಿ ಬಿದ್ದರು, ಬೆನ್ನಿಗೆ ಪೆಟ್ಟಾಯಿತು, ಸೆರೆಯಾದರು. ಮಗನನ್ನು ವಿಶೇಷವಾಗಿ ನೋಡಿಕೊಳ್ಳುವೆವೆಂದು ಅಯೂಬ್ ಖಾನರಿಂದ ಬಂದ ಮಾತನ್ನು ತಂದೆ ಒಪ್ಪದೆ, ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ ಎಂದರೆಂಬುದನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಅದೇ ಕಾಲದಲ್ಲಿ ಮಗ ನೊಂದ ಬೆನ್ನನ್ನು ಹೊತ್ತುಕೊಂಡು ಸೆರೆಯ ದಿನಗಳನ್ನು ಕಳೆಯುತ್ತಿದ್ದನೆಂಬುದು ಮಾತ್ರ ಅಷ್ಟಾಗಿ ಯಾರ ನೆನಪಿನಲ್ಲಿಯೂ ಉಳಿದಿಲ್ಲ. 1966ರ ಜನವರಿಯಲ್ಲಿ ಅವರು ತಾಯ್ನಾಡಿಗೆ ಮರಳಿ, ಸೇವೆಯಲ್ಲಿ ಮುಂದುವರಿದು ಏರ್ ಮಾರ್ಷಲ್ ಪದವಿಗೇರಿದರು.

ಇಷ್ಟು ಜನರಿಗೆ ಪೆಟ್ಟು ಬೆನ್ನಿಗೇ ಏಕೆ ಬೀಳಬೇಕು?

‘ಬೆನ್ನೆಲುಬು’ ಎಂಬ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುವಂತಹುದು. ಬೆನ್ನು, ಎಲುಬು ಎರಡೂ ಕೂಡಿ ಲೋಪಸಂಧಿಯಾಗಿ ಏಕವಚನದಲ್ಲಿ ನಿಂತಿರುವುದರಿಂದ ಅದು ಒಂದೇ ಉದ್ದನೆಯ ಎಲುಬೆಂದು ಹುಡುಗರು ತಿಳಿಯುತ್ತಾರೆ. ನಿಜವಾಗಿ ಅದು ಒಂದರ ಮೇಲೊಂದು ಪೇರಿಸಿದ ಮಣಿಗಳ ಸಾಲು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಟೊಂಕದಲ್ಲಿ 5. ಅವುಗಳ ಕೆಳಗೆ ಒಂದಕ್ಕೊಂದು ಬೆಸೆದುಹೋದ ಕೆಲವು. ಮಣಿ ಮಣಿಯ ನಡುವೆ ಮೆತ್ತನೆಯ ಗಾದಿ. ಪ್ರತಿಯೊಂದು ಮಣಿಯ ರಚನೆಯನ್ನು ತಿಳಿಯಬೇಕಾದರೆ ಜೋಳದ ದಂಟನ್ನು ನೆನೆಯಿರಿ. ಹೊರಗೆ ತೆಳುವಾದ ಗಟ್ಟಿ ಸಿಪ್ಪೆ, ಒಳಗೆ ಬೆಂಡು. ದಂಟಿನ ಗೇಣುದ್ದದ ತುಂಡನ್ನು ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಒತ್ತಿದರೆ ತಾಳಿಕೊಳ್ಳುವುದು. ಮೇಲಿನಿಂದ ಒಮ್ಮೆಲೆ ಗುದ್ದಿದರೆ ತುಂಡಾಗುವುದಿಲ್ಲ, ಒಳಗಿನ ಬೆಂಡು ಕುಸಿದು ಗಿಡ್ಡವಾಗುವುದು. ಬೆನ್ನಿನ ಮಣಿ ಮುರಿಯುವ ಬಗೆಯೂ ಇದೇ. ಅದು ಕೋಲಿನಂತೆ ಮುರಿಯುವುದಲ್ಲ, ಜಜ್ಜಿಹೋಗುವುದು. ಬೆನ್ನು ತುಸು ಮುಂದಕ್ಕೆ ಬಾಗಿದ್ದಾಗ ಪೆಟ್ಟಾದರೆ ಮಣಿಯ ಮುಂಭಾಗವೇ ಹೆಚ್ಚು ಕುಸಿದು, ಮಣಿ ಬೆಣೆಯ ಆಕಾರಕ್ಕೆ ಬರುವುದು. ಹೀಗಾಗುವುದು ಹೆಚ್ಚಾಗಿ ಎದೆಯ ಸಾಲಿನ ಕೊನೆಯ ಮಣಿಗೆ ಇಲ್ಲವೆ ಟೊಂಕದ ಸಾಲಿನ ಮೊದಲನೆಯದಕ್ಕೆ. ಪಕ್ಕೆಲುಬುಗಳ ಬಿಗಿ ಮುಗಿದು ಬಾಗುವ ಟೊಂಕ ಮೊದಲಾಗುವ ಜಾಗವದು. ಪಂಜರ ಬಿಟ್ಟು ಹೊರಗೆ ಬಂದ ಕೂಡಲೇ ಭಾರ ಅಲ್ಲಿ ಸಿಕ್ಕಿಕೊಳ್ಳುವುದು.

ಯುದ್ಧವಿಮಾನದಿಂದ ಚಿಮ್ಮುವ ಪೀಠವು ವೈಮಾನಿಕನನ್ನು ಕುಳಿತ ಭಂಗಿಯಲ್ಲಿಯೇ ಮದ್ದಿನ ಬಲದಿಂದ ಮೇಲಕ್ಕೆಸೆಯುತ್ತದೆ. ಅದು ಸೆಕೆಂಡಿನ ಕಾಲು ಭಾಗವೂ ಇಲ್ಲದ ಕೆಲಸ. ಆ ಕ್ಷಣದಲ್ಲಿ ದೇಹದ ಪ್ರತಿಯೊಂದು ಭಾಗವೂ ತನ್ನ ಸಹಜ ತೂಕದ 12ರಿಂದ 20 ಪಟ್ಟು ತೂಗುವುದು. ಟೊಂಕದ ಮೇಲಿನ ದೇಹ 40 ಕಿಲೋ ಎಂದಿಟ್ಟುಕೊಂಡು ಹದಿನೈದು ಪಟ್ಟು ಲೆಕ್ಕ ಹಾಕಿದರೆ 600 ಕಿಲೋ. ನೂರು ಕಿಲೋ ಹಿಡಿಸುವ ಆರು ಜೋಳದ ಚೀಲಗಳನ್ನು ಒಂದೇ ಸಲ ಹೆಗಲಿಗೆ ಹೇರಿದಂತಾಯಿತು. ನೆಟ್ಟಗಿದ್ದ ಬೆನ್ನು ಇದನ್ನು ಅನೇಕ ಸಲ ಸಹಿಸುತ್ತದೆ, ಬಾಗಿದ ಬೆನ್ನು ಸಹಿಸದು. ಆದುದರಿಂದಲೇ ಚಿಮ್ಮುವ ಮುನ್ನ ತಲೆಯನ್ನು ಹಿಂದಕ್ಕೊತ್ತಿ, ಗದ್ದ ಎತ್ತಿ, ಬೆನ್ನನ್ನು ಪೀಠಕ್ಕೆ ಅಂಟಿಸಬೇಕೆಂದು ಅವರಿಗೆ ಕಲಿಸುವರು. ಆದರೆ ಬೆಂಕಿ ಹತ್ತಿದ ವಿಮಾನದಲ್ಲಿ ಭಂಗಿ ಸರಿಪಡಿಸಿಕೊಳ್ಳಲು ಸಮಯವೆಲ್ಲಿ? ಜೀವ ಉಳಿಯುವುದು, ಮಣಿಯೊಂದು ಜಜ್ಜುವುದು. ಇಂಥ ಪೀಠಗಳಿಂದ ಜಗತ್ತಿನಲ್ಲಿ ಏಳು ಸಾವಿರಕ್ಕೂ ಮಿಕ್ಕಿ ಪ್ರಾಣಗಳು ಉಳಿದಿವೆಯೆಂಬುದನ್ನು ನೆನೆದರೆ ಇದು ತುಟ್ಟಿಯ ಬೆಲೆಯಲ್ಲ. ಅಷ್ಟರಿಂದಲೂ ಮುಗಿಯಲಿಲ್ಲ, ಪ್ಯಾರಾಚೂಟಿನಲ್ಲಿ ನೆಲ ಮುಟ್ಟುವಾಗ ಬೀಳುವ ಪೆಟ್ಟು ಸುಮಾರು ಏಳು ಅಡಿ ಎತ್ತರದ ಗೋಡೆಯಿಂದ ಧುಮುಕಿದಷ್ಟು. ಕಾಲು ಜೋಡಿಸಿ, ಮೊಣಕಾಲು ತುಸು ಮಡಿಸಿ, ನೆಲ ಮುಟ್ಟಿದೊಡನೆ ಪಕ್ಕಕ್ಕೆ ಉರುಳುವುದು ಅದನ್ನು ತಪ್ಪಿಸುವ ಉಪಾಯ.

ಚಿಮ್ಮುವ ಪೀಠವಿಲ್ಲದ ಸಣ್ಣ ವಿಮಾನಗಳ ಪಾಡು ಬೇರೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಮೇಲೆದ್ದ ತರಬೇತಿ ವಿಮಾನವೊಂದು ಹೊನ್ನಿಹಾಳದ ಹತ್ತಿರ ಹೊಲದಲ್ಲಿಯೇ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಡನೆ ಉಳಿದರು. ಎಂಜಿನ್ ನಿಂತರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ಹದ್ದಿನಂತೆ ತೇಲುತ್ತ ಇಳಿಯುವುದು. ಚಾಲಕನ ಕೈಯಲ್ಲಿ ಉಳಿದ ಕೆಲಸವೆಂದರೆ ಹೊಲವನ್ನು ಆರಿಸುವುದು. ನಮ್ಮ ಕಡೆ ಇದು ಸುಲಭವಲ್ಲ. ಬೆಳೆದು ನಿಂತ ಕಬ್ಬು ಆಳೆತ್ತರ ಮೀರಿರುತ್ತದೆ. ನೀರುಂಡ ಎರೆನೆಲದಲ್ಲಿ ಗಾಲಿ ಹೂತು ವಿಮಾನ ಮುಗ್ಗರಿಸಬಹುದು. ಬದು, ಕಾಲುವೆ, ಎಲ್ಲಕ್ಕಿಂತ ಕೆಟ್ಟದಾಗಿ ಪಂಪುಸೆಟ್ಟಿನ ವಿದ್ಯುತ್ ತಂತಿ. ಗಾಳಿಗೆ ಎದುರಾಗಿ ಇಳಿದರೆ ನೆಲ ಮುಟ್ಟುವ ವೇಗ ತಗ್ಗುತ್ತದೆ. ವೇಗ ಅರ್ಧವಾದರೆ ಪೆಟ್ಟಿನ ಶಕ್ತಿ ಕಾಲು ಭಾಗಕ್ಕಿಳಿಯುವುದೆಂಬುದು ಪ್ರೌಢಶಾಲೆಯ ಹುಡುಗನೂ ಬಲ್ಲ ಗಣಿತ. ಹೆಗಲಿನ ಪಟ್ಟಿಯನ್ನು ಬಿಗಿದಿದ್ದರೆ ಮೈ ಮುಂದಕ್ಕೆ ಮಡಿಚುವುದಿಲ್ಲ. ಪ್ರಯಾಣಿಕರಿಗೆ ಮುಂದೆ ಬಾಗಿರೆಂದು ಹೇಳುವರಲ್ಲ ಎಂದರೆ, ಅದು ಎದುರಿನಿಂದ ಬರುವ ಆಘಾತದಲ್ಲಿ ತಲೆ ಬಡಿಯದಿರಲೆಂದು, ಹೆಗಲಪಟ್ಟಿಯಿಲ್ಲದವರಿಗೆ ಹೇಳುವ ಮಾತು.

ಇಂಥ ಇಳಿತದಲ್ಲಿ ಪ್ರಾಯ ಕೆಲಸಕ್ಕೆ ಬರುವುದೂ ಉಂಟು. 2009ರ ಜನವರಿ 15ರಂದು ಹಕ್ಕಿಗಳು ಬಡಿದು ಎರಡೂ ಎಂಜಿನ್ ನಿಂತ ವಿಮಾನವನ್ನು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನೂ ಉಳಿಸಿದ ಸಲೆನ್‌ಬರ್ಗರ್ ಅವರಿಗೆ ಆಗ 58 ತುಂಬುತ್ತ ಬಂದಿದ್ದಿತು. ಆದರೆ ಪ್ರಾಯದೊಡನೆ ಎಲುಬಿನ ಬೆಂಡು ಸವೆಯುವುದು, ಗಾದಿ ಒಣಗುವುದು, ಪೆಟ್ಟು ಮಾಯಲು ಹೊತ್ತು ಹಿಡಿಯುವುದು.

ಇನ್ನು ಚಿಕಿತ್ಸೆ. ಹಿಂದೆ ಬೆನ್ನಿಗೆ ಪೆಟ್ಟಾದವನನ್ನು ತಿಂಗಳುಗಟ್ಟಲೆ ಹೊರಸಿನ ಮೇಲೆ ಕೆಡಹುತ್ತಿದ್ದರು. ಈಗ ವೈದ್ಯರು ಮೊದಲು ಚಿತ್ರ ತೆಗೆದು ಮಣಿಯ ಹಿಂದಣ ಗೋಡೆ ಗಟ್ಟಿಯಾಗಿದೆಯೇ, ಅದರ ಹಿಂದೆಯೇ ಹಾಯುವ ನರಹುರಿಗೆ ಒತ್ತಡವಿದೆಯೇ ಎಂದು ನೋಡುವರು. ಇಲ್ಲವೆಂದಾದರೆ ಕೆಲವೇ ದಿನ ವಿಶ್ರಾಂತಿ, ಬೇಕಾದರೆ ಬೆನ್ನಿಗೊಂದು ಪಟ್ಟಿ, ಆಮೇಲೆ ನಡಿಗೆ. ಎಲುಬು ಕೂಡಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ. ಮಲಗಿಯೇ ಇದ್ದರೆ ಸ್ನಾಯುಗಳು ಸೊರಗಿ, ಇದ್ದ ಎಲುಬೂ ತೆಳುವಾಗುವುದು. ಕೂಡಿದ ಮೇಲೂ ವೈಮಾನಿಕನಿಗೆ ಕೂಡಲೇ ವಿಮಾನ ಕೊಡುವುದಿಲ್ಲ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಈಗ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೆಂದು ಹೆಸರಾದ ವಾಯುದಳದ ವೈದ್ಯಕೀಯ ಸಂಸ್ಥೆಯಲ್ಲಿ ಪರೀಕ್ಷೆಯಾಗಬೇಕು. ಅಭಿನಂದನ್ ಅವರೂ ಆ ಪರೀಕ್ಷೆ ದಾಟಿಯೇ ಮತ್ತೆ ಹಾರಿದ್ದು. ಎಲ್ಲರೂ ದಾಟುವುದಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ವಿಮಾನದಿಂದ ಚಿಮ್ಮಿ ಸೆರೆಯಾಗಿ ಬಂದ ನಚಿಕೇತ ಅವರು ಬೆನ್ನಿನ ಪೆಟ್ಟಿನ ದೆಸೆಯಿಂದ ಯುದ್ಧವಿಮಾನ ಬಿಟ್ಟು ದೊಡ್ಡ ಸಾಗಣೆ ವಿಮಾನಗಳಿಗೆ ಹೋಗಬೇಕಾಯಿತು.

ಯುದ್ಧವಿಮಾನದ ಸುದ್ದಿ ನಮಗೇಕೆ ಎನ್ನುವ ಗೃಹಸ್ಥರು ತಮ್ಮ ಮನೆಯ ಅಜ್ಜಿಯನ್ನು ನೋಡಬೇಕು. ಗೋಕಾಕಕ್ಕೆ ಹೋಗುವ ಬಸ್ಸಿನಲ್ಲಿ ಹಿಂದಿನ ಆಸನದಲ್ಲಿ ಕುಳಿತಿರುವಾಗ ಗಾಲಿ ರಸ್ತೆಯುಬ್ಬನ್ನು ಹಾರಿದರೆ ಆ ಆಸನ ಅವಳ ಪಾಲಿಗೆ ಚಿಮ್ಮುವ ಪೀಠವೇ ಸರಿ. ಎಲುಬು ಸವೆದವಳಿಗೆ ಅಷ್ಟು ಸಾಕು. ವೈಮಾನಿಕನಿಗೆ ಜಜ್ಜಿದ ಮಣಿಯೇ ಅವಳಿಗೂ ಜಜ್ಜುವುದು. ವ್ಯತ್ಯಾಸವಿಷ್ಟೇ: ವೈಮಾನಿಕನ ಚಿತ್ರವನ್ನು ಅಂದೇ ತೆಗೆಯುವರು, ಅಜ್ಜಿಗೆ ‘ಟೊಂಕ ಹಿಡಿದದ, ವಯಸ್ಸಾತು’ ಎಂದು ಎಣ್ಣೆ ತಿಕ್ಕುವರು. ಅವಳು ವರುಷ ವರುಷಕ್ಕೆ ಗಿಡ್ಡವಾಗುತ್ತ ಬಾಗುತ್ತ ಹೋಗುವುದನ್ನು ಮುಪ್ಪಿನ ಲೆಕ್ಕಕ್ಕೆ ಬರೆಯುವರು. ಒಮ್ಮೆಲೆ ಹುಟ್ಟಿದ, ನಿಂತರೆ ಹೆಚ್ಚಿ ಮಲಗಿದರೆ ತಗ್ಗುವ ಬೆನ್ನುನೋವಿಗೆ ಚಿತ್ರ ತೆಗೆಸಲೇಬೇಕು. ಎಲುಬು ಸವೆದುದು ತಿಳಿದರೆ ಅದಕ್ಕೆ ಔಷಧಗಳಿವೆ. ಎಳೆದು, ತುಳಿದು ಸರಿಮಾಡುವೆನೆನ್ನುವವರ ಕೈಗೆ ಇಂಥ ಬೆನ್ನನ್ನು ಕೊಡುವುದು ಅಪಾಯ.

ಹೊನ್ನಿಹಾಳದ ಸಂಗತಿಯಾದ ಎರಡೇ ದಿನಕ್ಕೆ, ಜೂನ್ 1ರಂದು, ಚಾಮರಾಜನಗರದ ಭೋಗಾಪುರದ ಬಳಿ ವಾಯುದಳದ ಕಿರಣ್ ವಿಮಾನ ಬಿದ್ದು ಇಬ್ಬರು ಚಿಮ್ಮಿ ಇಳಿದರು. ಇಂಥಲ್ಲಿ ಮೊದಲು ತಲಪುವವರು ಹೊಲದವರೇ. ವೈಮಾನಿಕನಿರಲಿ, ಟ್ರ್ಯಾಕ್ಟರಿನಿಂದ ಉರುಳಿದ ರೈತನಿರಲಿ, ಬಿದ್ದವನನ್ನು ರಟ್ಟೆ ಕಾಲು ಹಿಡಿದು ಎತ್ತಬಾರದು, ಕೂಡಿಸಿ ನೀರು ಕುಡಿಸಲೂಬಾರದು. ಬೆಂಕಿಯ ಭಯವಿಲ್ಲದಿದ್ದರೆ ಇದ್ದಲ್ಲಿಯೇ ಬಿಟ್ಟು 108ಕ್ಕೆ ಫೋನು ಮಾಡಿ, ತಲೆಯನ್ನು ಎರಡು ಕೈಗಳಿಂದ ಅಲುಗದಂತೆ ಹಿಡಿಯಬೇಕು. ಸಾಗಿಸಲೇಬೇಕಾದರೆ ನಾಲ್ಕು ಜನ ಸೇರಿ, ತಲೆ ಹಿಡಿದವನ ಮಾತಿನಂತೆ, ತೊಲೆಯನ್ನು ಹೊರಳಿಸುವ ಹಾಗೆ ಮೈಯನ್ನೆಲ್ಲ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಅಗಲವಾದ ಹಲಗೆಯನ್ನೋ ಬಾಗಿಲ ಕದವನ್ನೋ ಕೆಳಗೆ ಸೇರಿಸಬೇಕು. ಕಾಲು ಜೋಮು ಹಿಡಿದಿದೆಯೇ, ಬೆರಳು ಆಡುತ್ತವೆಯೇ, ಮೂತ್ರ ತಡೆ ತಪ್ಪಿದೆಯೇ ಎಂಬುದನ್ನು ನೋಡಿಕೊಂಡು, ಆಸ್ಪತ್ರೆ ಮುಟ್ಟಿದೊಡನೆ ವೈದ್ಯರಿಗೆ ಮೊದಲು ಹೇಳಬೇಕಾದುದು ಅದನ್ನೇ.