ವಹಾಕಾದ ಮುಯ್ಯಿ ಲೆಕ್ಕ

ಕಚೇರಿ ಕೆಲಸಕ್ಕೆಂದು ಮೆಕ್ಸಿಕೋ ಸಿಟಿಗೆ ಹೋಗಿದ್ದ ನನಗೆ ಅಕ್ಟೋಬರ್ ಕೊನೆಯ ವಾರದಲ್ಲಿ ನಾಲ್ಕು ದಿನ ರಜೆ ಸಿಕ್ಕಿತು. ಆರೇಳು ಗಂಟೆ ಬಸ್ಸಿನ ದಾರಿ, ವಹಾಕಾ ನೋಡದೆ ಹೋಗಬೇಡಿ ಅಂದರು ಅಲ್ಲಿನ ಸಹೋದ್ಯೋಗಿಗಳು. ಫೋನಿನಲ್ಲಿ ಅಕ್ಕ ಬೇಡವೇ ಬೇಡ ಅಂದಳು. ಮೆಕ್ಸಿಕೋ ಎಂದರೆ ಅವಳ ಪಾಲಿಗೆ ವೆಬ್ ಸರಣಿಗಳ ಬಂದೂಕು, ಮಾದಕವಸ್ತು ದಂಧೆ. ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಪಾಸ್‌ಪೋರ್ಟನ್ನು ಬನಿಯನ್ನಿನೊಳಗೆ ಸಿಕ್ಕಿಸಿಕೊಂಡು ರಾತ್ರಿ ಬಸ್ಸು ಹತ್ತಿದೆ.

ಬೆಳಗಿನ ಜಾವ ಇಳಿದಾಗ ಮೊದಲು ಮೂಗಿಗೆ ಬಡಿದದ್ದು ಚೆಂಡುಹೂವಿನ ವಾಸನೆ. ಬೀದಿ ತಿರುವಿನಲ್ಲಿ ಹೊರೆಗಟ್ಟಲೆ ಇಳಿಸುತ್ತಿದ್ದರು. ದೀಪಾವಳಿ ಹೊತ್ತಿನ ನಮ್ಮ ಹೂವಿನ ಮಾರುಕಟ್ಟೆಯೇ ಎದ್ದು ಬಂದಂತಿತ್ತು. ಅಲ್ಲಿ ಅದು ಸತ್ತವರ ಹೂವು. ನವೆಂಬರ್ 1 ಮತ್ತು 2ರಂದು ಮನೆಗೆ ಬರುವ ಹಿರಿಯರಿಗೆ ದಾರಿ ತೋರಿಸಲು ಬಾಗಿಲಿನಿಂದ ಎಸಳು ಚೆಲ್ಲುತ್ತಾರೆ. ಹೂವಿನ ಮೂಲ ಊರೂ ಮೆಕ್ಸಿಕೋನೇ. ಇಷ್ಟು ವರ್ಷ ತೋರಣ ಕಟ್ಟಿದ್ದೇನೆ, ಈ ಹೂವು ಎಲ್ಲಿಯದು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಊರು ಸಮುದ್ರಮಟ್ಟಕ್ಕಿಂತ ಸುಮಾರು 1,550 ಮೀಟರ್ ಎತ್ತರದ ಕಣಿವೆಯಲ್ಲಿದೆ. ನಕಾಶೆಯಲ್ಲಿ ಬೆರಳಿಟ್ಟು ಪೂರ್ವಕ್ಕೆ ನೇರ ಎಳೆದರೆ ಆ ಗೆರೆ ವಿಜಯಪುರಕ್ಕೂ ಕಲಬುರಗಿಗೂ ನಡುವೆ ಹಾಯುತ್ತದೆ. ಬಿಸಿಲು ಅದೇ, ಎತ್ತರದಿಂದಾಗಿ ಗಾಳಿ ಮಾತ್ರ ತಂಪು. ಭೂಕಂಪದ ನಾಡಾದ್ದರಿಂದ ಹಳೆಯ ಮನೆಗಳೆಲ್ಲ ಕುಳ್ಳು, ಗೋಡೆಗಳು ದಪ್ಪ. ಸಾಂತೊ ದೊಮಿಂಗೊ ಚರ್ಚಿನ ಒಳಮೈ ಚಿನ್ನದ ರೇಕಿನಲ್ಲಿ ಹೊಳೆಯುತ್ತದೆ. ಅಂಥದ್ದರ ಮುಂದೆ ನಾನು ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವವನಲ್ಲ. ಈ ಹಳೆಯ ಪೇಟೆ ಮತ್ತು ಪಕ್ಕದ ಗುಡ್ಡದ ಮೇಲಿನ ಪಾಳುನಗರ ಮೊಂತೆ ಅಲ್ಬಾನ್ 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ಬೀದಿಯಲ್ಲಿ ಎದುರಾದವರೆಲ್ಲ ಗುರುತಿದ್ದವರಂತೆ ‘ಬುವೆನೋಸ್ ದಿಯಾಸ್’ ಅನ್ನುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಪಾಸ್‌ಪೋರ್ಟು ಬನಿಯನ್ನಿನಿಂದ ಬ್ಯಾಗಿಗೆ ಬಂತು.

ಸಂತೆಗೆ ಹೋದೆ. ವಹಾಕಾ ಗೊತ್ತಾಗುವುದೇ ಅಲ್ಲಿ. ಒಬ್ಬ ಅಜ್ಜಿ ಚಪ್ಪಟೆ ಕಾಯಿಗಳ ಕಟ್ಟು ಮುಂದಿಟ್ಟುಕೊಂಡಿದ್ದಳು. ಎಲ್ಲೋ ನೋಡಿದ ಕಾಯಿ. ಒಂದನ್ನು ಸೀಳಿ ಹಸಿರು ಬೀಜ ಅಂಗೈಗೆ ಹಾಕಿ, ತಿನ್ನು ಅಂದಳು. ಬೆಳ್ಳುಳ್ಳಿಯಂಥ ಘಾಟು. ಹೆಸರು ‘ಗುವಾಹೆ’. ಫೋನಿನಲ್ಲಿ ಹುಡುಕಿದರೆ ಸುಬಾಬುಲ್! ನಮ್ಮ ಹೊಲದ ಬೇಲಿಯಲ್ಲಿ ಬೆಳೆಸಿ ಆಡುಗಳಿಗೆ ಕತ್ತರಿಸಿ ಹಾಕುವ ಮರ. ‘ವಹಾಕಾ’ ಎಂಬ ಹೆಸರು ಬಂದದ್ದೂ ಅದರಿಂದಲೇ. ಅಜ್ಟೆಕರ ನಾವಾತ್ಲ್ ಭಾಷೆಯಲ್ಲಿ ಗುವಾಹೆ ಮರಗಳಿರುವ ಮೂಗಿನಂಥ ಜಾಗ ಎಂದರ್ಥ. ನಮ್ಮ ಕಡೆ ಇದನ್ನು ಆಡು ತಿನ್ನುತ್ತದೆ ಎಂದು ಅಜ್ಜಿಗೆ ಹೇಳುವಷ್ಟು ಸ್ಪ್ಯಾನಿಷ್ ನನಗೆ ಬರುತ್ತಿತ್ತು. ಹೇಳಲಿಲ್ಲ.

ಇಲ್ಲಿನ ಮೂಲನಿವಾಸಿಗಳಲ್ಲಿ ದೊಡ್ಡ ಪಂಗಡ ಸಪೊತೆಕರದು. ಈ ಹೆಸರೂ ಅಜ್ಟೆಕರು ಇಟ್ಟದ್ದು, ಸಪೋಟ ಬೆಳೆಯುವ ನಾಡಿನವರು ಎಂದು. ಹೌದು, ನಾವು ತಿನ್ನುವ ಸಪೋಟದ ಹೆಸರಿನ ಬೇರೂ ನಾವಾತ್ಲ್‌ನ ‘ತ್ಸಪೊತ್ಲ್’. ಕ್ರಿಸ್ತಪೂರ್ವ 500ರ ಸುಮಾರಿಗೆ ಈ ಜನ ಗುಡ್ಡದ ತಲೆಯನ್ನೇ ಸಮತಟ್ಟು ಮಾಡಿ ಮೊಂತೆ ಅಲ್ಬಾನ್ ನಗರ ಕಟ್ಟಿದರು. ಊರಿನ ಪೂರ್ತಿ ಹೆಸರು ‘ವಹಾಕಾ ದೆ ಹುವಾರೆಸ್’. ಆ ಹೆಸರಿನಲ್ಲಿರುವ ಬೆನಿತೊ ಹುವಾರೆಸ್ ಹುಟ್ಟಿದ್ದು 1806ರಲ್ಲಿ, ಗೆಲತಾವೊ ಎಂಬ ಸಪೊತೆಕ್ ಹಳ್ಳಿಯಲ್ಲಿ. ಹನ್ನೆರಡನೆಯ ವಯಸ್ಸಿನಲ್ಲಿ, ಸ್ಪ್ಯಾನಿಷ್ ಸರಿಯಾಗಿ ಬಾರದ ಆ ತಬ್ಬಲಿ ಹುಡುಗ ಇಲ್ಲಿಗೆ ನಡೆದು ಬಂದ, ಒಂದು ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದ ಅಕ್ಕನನ್ನು ಹುಡುಕಿಕೊಂಡು. 1858ರಲ್ಲಿ ದೇಶದ ಅಧ್ಯಕ್ಷನಾದ.

ಊಟದ ಮಾತಿಗೆ ಬರೋಣ. ಇಲ್ಲಿನ ತ್ಲಾಯುದಾ ತಟ್ಟೆಗಿಂತ ದೊಡ್ಡದಾದ, ಮುರಿದರೆ ಕಟಕ್ ಎನ್ನುವ ಮೆಕ್ಕೆಜೋಳದ ರೊಟ್ಟಿ. ಮೇಲೆ ಅರೆದ ಕಪ್ಪು ಹುರುಳಿಕಾಯಿ ಬೀಜ, ನೂಲುಂಡೆಯಂತೆ ಸುತ್ತಿಟ್ಟ ಚೀಸಿನ ಎಳೆಗಳು. ಸಸ್ಯಾಹಾರಿಗಳು ‘ಸಿನ್ ಆಸಿಯೆಂತೊ’ ಎಂದು ಮೊದಲೇ ಹೇಳಬೇಕು, ಇಲ್ಲದಿದ್ದರೆ ಅಡಿಗೆ ಹಂದಿಯ ಕೊಬ್ಬು ಸವರಿರುತ್ತಾರೆ. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ತೊಳೆದು ಅರೆಯುತ್ತಾರೆ. ಹಿಟ್ಟು ಕೈಗೆ ಬರುವುದೂ ಸುಣ್ಣದಿಂದ, ಜೋಳದಲ್ಲಿ ಅಡಗಿರುವ ನಯಾಸಿನ್ ಮೈಗೆ ಹತ್ತುವುದೂ ಸುಣ್ಣದಿಂದ. ಈ ಉಪಾಯ ಬಿಟ್ಟು ಬರೀ ಜೋಳ ಒಯ್ದ ಯುರೋಪಿನಲ್ಲಿ ಬಡವರಿಗೆ ಪೆಲಾಗ್ರ ಎಂಬ ರೋಗ ಕಾಡಿತು. ಮೀನಾ ಬೀದಿಯಲ್ಲಿ ಚಾಕೊಲೇಟಿನ ಗಿರಣಿಗಳಿವೆ. ಕೋಕೊ ಬೀಜ, ಬಾದಾಮಿ, ದಾಲ್ಚಿನ್ನಿ, ಸಕ್ಕರೆ ಇಷ್ಟಿಷ್ಟು ಎಂದರೆ ಎದುರೇ ಬೀಸಿಕೊಡುತ್ತಾರೆ, ನಮ್ಮಲ್ಲಿ ಸಾರಿನ ಪುಡಿ ಮಾಡಿಸಿಕೊಂಡು ಬಂದಂತೆ. ಅದನ್ನು ಬಿಸಿನೀರಿಗೆ ಹಾಕಿ, ಕಡೆಗೋಲನ್ನು ಎರಡು ಅಂಗೈ ನಡುವೆ ಹೊಸೆದು ನೊರೆ ಎಬ್ಬಿಸುತ್ತಾರೆ.

ಮೂರನೆಯ ದಿನ ಮೂವತ್ತು ಕಿಲೋಮೀಟರ್ ಆಚೆಯ ತೆಯೊತಿತ್ಲಾನ್ ದೆಲ್ ವಾಯೆಗೆ ಹೋದೆ. ಮನೆಮನೆಯಲ್ಲೂ ಉಣ್ಣೆ ಕಂಬಳಿಯ ಮಗ್ಗ. ನೇಕಾರ ಹೆಂಗಸೊಬ್ಬಳು ಅಂಗಳದ ಪಾಪಾಸುಕಳ್ಳಿಯ ಎಲೆಯಿಂದ ಬೂದಿ ಬಣ್ಣದ ಹುಳವೊಂದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಗಾಢ ಕೆಂಪು. ನಿಂಬೆರಸ ಹಿಂಡಿದರೆ ಕಿತ್ತಳೆಗೆ ತಿರುಗಿತು, ಚಿಟಿಕೆ ಸುಣ್ಣಕ್ಕೆ ನೇರಳೆಯಾಯಿತು. ಅರಿಸಿನಕ್ಕೆ ಸುಣ್ಣ ಕಲಸಿ ಓಕುಳಿ ಮಾಡುವುದನ್ನು ನೋಡಿ ಬೆಳೆದವನು ನಾನು, ಆದರೂ ಬಾಯಿ ತೆರೆದು ನಿಂತೆ. ಸ್ಪೇನಿನ ಕಾಲದಲ್ಲಿ ಮೆಕ್ಸಿಕೋದಿಂದ ಹಡಗು ಹತ್ತುತ್ತಿದ್ದ ಸರಕಿನಲ್ಲಿ ಬೆಳ್ಳಿಯನ್ನು ಬಿಟ್ಟರೆ ಹೆಚ್ಚು ಬೆಲೆ ಈ ಹುಳದ್ದು. ಈಸ್ಟ್ ಇಂಡಿಯಾ ಕಂಪನಿಯೂ ಆಸೆಪಟ್ಟು, 18ನೇ ಶತಮಾನದ ಕೊನೆಗೆ ಭಾರತಕ್ಕೆ ಹುಳ ತರಿಸಿತು. ಬಂದದ್ದು ಬೇರೆ ಜಾತಿಯದು. ಬಣ್ಣ ಸರಿ ಬರಲಿಲ್ಲ, ಹುಳ ಮಾತ್ರ ಪಾಪಾಸುಕಳ್ಳಿಯನ್ನು ಮೇಯ್ದು ಮುಗಿಸಿತು.

ಆ ಮನೆಯಲ್ಲಿ ಹಳೆಯ ನೋಟುಬುಕ್ಕು ಕಂಡಿತು. ಯಾರ ಮದುವೆಗೆ ಎಷ್ಟು ಟರ್ಕಿ ಕೋಳಿ, ಎಷ್ಟು ಜೋಳ, ಎಷ್ಟು ಕೋಕೊ ಕೊಟ್ಟರು ಎಂಬ ಲೆಕ್ಕ. ಅವರ ಮನೆಯಲ್ಲಿ ಮದುವೆಯಾದಾಗ ಅಷ್ಟೇ ವಾಪಸು ಬರಬೇಕು. ಸಪೊತೆಕರು ಇದನ್ನು ‘ಗೆಲಗೆತ್ಸಾ’ ಅನ್ನುತ್ತಾರೆ. ನಾನು ಮನಸ್ಸಿನಲ್ಲೇ ‘ಮುಯ್ಯಿ’ ಅಂದುಕೊಂಡೆ. ಜುಲೈ ಕೊನೆಯ ಸೋಮವಾರಗಳಲ್ಲಿ ನಡೆಯುವ ಇಲ್ಲಿನ ಪ್ರಸಿದ್ಧ ನೃತ್ಯೋತ್ಸವಕ್ಕೂ ಇದೇ ಹೆಸರು. ಜನಜಂಗುಳಿ ಬೇಡ ಅನ್ನುವವರು ಆಗ ಹೋಗದಿರುವುದೇ ಒಳ್ಳೆಯದು.

ಹೊರಡುವ ದಿನ ಮತ್ತೆ ಸಂತೆಗೆ ಹೋದೆ, ಮೆಣಸಿನಕಾಯಿ ಕೊಳ್ಳಲು. ಹೊಗೆಯಲ್ಲಿ ಒಣಗಿಸಿದ ಪಾಸಿಯಾ, ಕಪ್ಪು ಮೋಲೆ ಸಾರಿಗೆ ಹಾಕುವ ಚಿಲ್‌ವಾಕ್ಲೆ. ಸುಕ್ಕುಸುಕ್ಕಾದ ಪಾಸಿಯಾ ನೋಡಿ ಬ್ಯಾಡಗಿ ನೆನಪಾಯಿತು. ನಮ್ಮೂರಿನಲ್ಲೂ ಇಂಥದ್ದಿದೆ, ನಮ್ಮದು ಇನ್ನೂ ಕೆಂಪು ಎಂದು ಜಂಬ ಕೊಚ್ಚಿದೆ. ಅಂಗಡಿಯಾಕೆ ನಕ್ಕಳು. ‘ಇಲ್ಲಿಂದ ಯಾರು ಒಯ್ದರಪ್ಪಾ ಅಲ್ಲಿಗೆ?’

ಪೋರ್ಚುಗೀಸರು, ಅಂದೆ.

ಬಿಸಿಲಿಗೆ ಬಾಯಾರಿತ್ತು. ಪಕ್ಕದಲ್ಲೇ ದೊಡ್ಡ ಗಾಜಿನ ಜಾಡಿಯಲ್ಲಿ ಕಂದು ಪಾನಕ. ಆಗ್ವಾ ದೆ ತಮರಿಂದೋ, ಹುಣಸೆ ಪಾನಕ. ತಮರಿಂದೋ ಎಂದರೆ ಅರಬರ ಮಾತಿನಲ್ಲಿ ಹಿಂದೂಸ್ತಾನದ ಖರ್ಜೂರ. ಹುಣಸೆಯ ಬುಡ ಆಫ್ರಿಕಾದಲ್ಲಿದೆ ಎಂದು ಸಸ್ಯಶಾಸ್ತ್ರದವರು ಹೇಳಿದರೂ ಹೆಸರು ನಮ್ಮದೇ. ಇನ್ನು ನನ್ನ ಸರದಿ ಎಂದುಕೊಂಡು ಲೋಟ ಎತ್ತಿ ಹೇಳಿದೆ, ನಮ್ಮೂರಿನ ರಸ್ತೆಯುದ್ದಕ್ಕೂ ಇದೇ ಮರ.

‘ಹೌದಾ?’ ಅಂದಳು ಪಾನಕದವಳು. ‘ಇದನ್ನೂ ಒಯ್ದುಬಿಟ್ಟಿರಾ?’

ಇನ್ನೊಂದು ಲೋಟ ಕೊಡಿ ಅಂದೆ.