ಶಾಸಕರ ವರದಿಯನ್ನು ಓದುವ ಬಗೆ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಬಳಿಕ ಒಬ್ಬ ತಂದೆಯವರು ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ನಾಲ್ಕು ಪುಟಗಳ ಒಂದು ಮುದ್ರಿತ ಪತ್ರ. ವಿಧಾನಸಭೆಯ ಸದಸ್ಯರೊಬ್ಬರು ತಮ್ಮ ಮತದಾರರಿಗೆ ಹಂಚಿದ ವಾರ್ಷಿಕ ವರದಿ. ಅದು ಮಲಯಾಳದಲ್ಲಿದ್ದುದರಿಂದ ಎಂಟನೆಯ ತರಗತಿಯಲ್ಲಿರುವ ಅವರ ಮಗಳು ಓದಿ ಅರ್ಥ ಹೇಳಿದ್ದಳಂತೆ. “ಮಾಷ್ಟ್ರೇ, ಇದರಲ್ಲಿ ರಸ್ತೆ, ಸಂಕಗಳ ಸುದ್ದಿ ಅರ್ಧ ಪುಟ ಮಾತ್ರ ಉಂಟು. ಮತ್ತೆಲ್ಲ ಬಿಲ್ಲು, ಸಮಿತಿ, ಸಬ್ಮಿಷನ್. ಇವರು ಅಲ್ಲಿಗೆ ಹೋಗಿ ನಮಗೋಸ್ಕರ ಮಾಡಿದ್ದಾದರೂ ಏನು?” ಎಂದು ಅವರು ಕೇಳಿದರು.

ಅಂದು ನಾನು ಕೊಟ್ಟ ಉತ್ತರವು ಅಪೂರ್ಣವಾಗಿತ್ತು. ಮಳೆ ಹೊಯ್ಯುತ್ತಿತ್ತು, ಅವರು ಬಸ್ಸು ಹಿಡಿಯಬೇಕಾಗಿತ್ತು. ಆದರೆ ಆ ಪ್ರಶ್ನೆಯು ಅವರೊಬ್ಬರದೇ ಅಲ್ಲವೆಂದು ತೋರಿದುದರಿಂದ ಅದಕ್ಕೆ ಸಾವಧಾನವಾಗಿ ಉತ್ತರ ಬರೆಯಲು ಈ ವಾರ್ಷಿಕ ಸಂಚಿಕೆಯನ್ನು ಉಪಯೋಗಿಸಿಕೊಂಡಿದ್ದೇನೆ.

ಕಾಸರಗೋಡಿನಲ್ಲಿ ಸಂಜೆ ರೈಲು ಹತ್ತಿದವನು ತಿರುವನಂತಪುರದಲ್ಲಿ ಇಳಿಯುವುದು ಮರುದಿನ ಬೆಳಗ್ಗೆ. ಅಷ್ಟು ದೂರದಲ್ಲಿ ನಡೆಯುವ ಕೆಲಸವು ನಮ್ಮ ಕಣ್ಣಿಗೆ ಬೀಳದಿರುವುದು ಸಹಜವೇ ಆಗಿದೆ. ಕೇರಳದ ಶಾಸನಾಂಗಕ್ಕೆ ಒಂದೇ ಸದನ. ಚುನಾಯಿತರಾದ 140 ಸದಸ್ಯರು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. 1957ರಲ್ಲಿ ನಡೆದ ಮೊದಲನೆಯ ಚುನಾವಣೆಯಲ್ಲಿ ಮಂಜೇಶ್ವರದಿಂದ ಶ್ರೀ ಎಂ. ಉಮೇಶ ರಾಯರು ಅವಿರೋಧವಾಗಿ ಆರಿಸಲ್ಪಟ್ಟರು. ಅಂದಿನಿಂದ ಇಂದಿನವರೆಗೆ ಅನೇಕರು ಈ ಸೀಮೆಯಿಂದ ಆ ಸಭೆಗೆ ಹೋಗಿ ಬಂದಿದ್ದಾರೆ. ಅವರ ಭಾಷಣಗಳು ಪತ್ರಿಕೆಗಳಲ್ಲಿ ಬರುತ್ತವೆ, ಅವರ ಸಮಿತಿಯ ಕೆಲಸ ಬರುವುದಿಲ್ಲ. ನಮಗೆ ಹೆಚ್ಚಾಗಿ ತಟ್ಟುವುದೋ ಈ ಎರಡನೆಯದು.

ಮಸೂದೆಯೊಂದು ಶಾಸನವಾಗುವ ಕ್ರಮವನ್ನು ಮೊದಲು ನೋಡೋಣ. ಮಂತ್ರಿಗಳು ಮಸೂದೆಯನ್ನು ಸಭೆಯಲ್ಲಿ ಮಂಡಿಸುತ್ತಾರೆ. ಅನಂತರ ಅದು ಸಾಮಾನ್ಯವಾಗಿ ಒಂದು ವಿಷಯ ಸಮಿತಿಗೆ ಹೋಗುತ್ತದೆ. ಕೃಷಿಗೊಂದು, ವಿದ್ಯಾಭ್ಯಾಸಕ್ಕೊಂದು, ಆರೋಗ್ಯಕ್ಕೊಂದು, ಹೀಗೆ ಇಂತಹ ಸಮಿತಿಗಳು ಈಗ ಹದಿನಾಲ್ಕು ಇವೆ. ಭಾರತದ ರಾಜ್ಯಗಳಲ್ಲಿ ಈ ಪದ್ಧತಿಯನ್ನು 1980ರಲ್ಲಿ ಮೊದಲು ಆರಂಭಿಸಿದ ಕೀರ್ತಿ ಕೇರಳದ್ದು. ಸಮಿತಿಯಲ್ಲಿ ಆಳುವ ಪಕ್ಷದವರೂ ವಿರೋಧ ಪಕ್ಷದವರೂ ಒಂದೇ ಮೇಜಿನ ಸುತ್ತ ಕುಳಿತು ಮಸೂದೆಯ ಖಂಡಗಳನ್ನು ಒಂದೊಂದಾಗಿ ಓದುತ್ತಾರೆ. ಸಮಿತಿಯ ವರದಿಯೊಡನೆ ಮಸೂದೆಯು ಸಭೆಗೆ ಮರಳುತ್ತದೆ. ಅಲ್ಲಿ ತಿದ್ದುಪಡಿಗಳು ಬರುತ್ತವೆ, ಮತ ತೆಗೆದುಕೊಳ್ಳಲಾಗುತ್ತದೆ. ಕೊನೆಗೆ ರಾಜ್ಯಪಾಲರ ಒಪ್ಪಿಗೆ ಬೇಕು. ರಾಜ್ಯಪಾಲರು ಬಯಸಿದಲ್ಲಿ ಅದನ್ನು ರಾಷ್ಟ್ರಪತಿಗಳಿಗಾಗಿ ಕಾಯ್ದಿರಿಸಬಹುದು.

ವಿಷಯ ಸಮಿತಿಗೆ ಇನ್ನೊಂದು ಕೆಲಸವೂ ಇದೆ. ಆಯವ್ಯಯ ಪತ್ರವು ಮಂಡಿತವಾದ ಮೇಲೆ ಆಯಾ ಇಲಾಖೆಯ ಹಣದ ಬೇಡಿಕೆಗಳನ್ನು ಅದು ಪರಿಶೀಲಿಸುತ್ತದೆ. ಶಾಲೆಗಳಿಗೆ ಎಷ್ಟು, ಪಠ್ಯಪುಸ್ತಕಗಳಿಗೆ ಎಷ್ಟು ಎಂಬ ಲೆಕ್ಕವು ಅಲ್ಲಿ ಎದುರಿಗೆ ಬರುತ್ತದೆ. ಕೇರಳದ ಪದ್ಧತಿಯಲ್ಲಿ ಒಂದು ವಿಚಿತ್ರವೂ ಉಂಟು. ಈ ಸಮಿತಿಗಳಿಗೆ ಅಧ್ಯಕ್ಷರು ಆಯಾ ಇಲಾಖೆಯ ಮಂತ್ರಿಗಳೇ. ಪರೀಕ್ಷೆ ಬರೆಯುವವನೇ ಪರೀಕ್ಷಾ ಕೊಠಡಿಯ ಮೇಲ್ವಿಚಾರಕನಾದಂತೆ ಇದು ನನಗೆ ಕಾಣುತ್ತದೆ. ಮಂತ್ರಿಗಳು ಎದುರಿಗೇ ಇರುವುದರಿಂದ ಸದಸ್ಯರು ಹೇಳಿದ್ದನ್ನು ಆಗಲೇ ಒಪ್ಪಿ ತಿದ್ದುವ ಸೌಕರ್ಯ ಉಂಟೆಂದು ಇದನ್ನು ಸಮರ್ಥಿಸಲೂಬಹುದು.

ಈಗ ನಮ್ಮ ಶಾಲೆಗೆ ನೇರವಾಗಿ ಸಂಬಂಧಪಟ್ಟ ಒಂದು ಶಾಸನದ ಕಥೆಯನ್ನು ಹೇಳುತ್ತೇನೆ. ಮಕ್ಕಳು ಇದನ್ನು ಗಮನವಿಟ್ಟು ಓದಬೇಕು, ಏಕೆಂದರೆ ಭಾರತದ ಸರ್ವೋಚ್ಚ ನ್ಯಾಯಾಲಯವು ಈ ಕಥೆಯಲ್ಲಿ ಬರುತ್ತದೆ.

1957ರಲ್ಲಿ ಕೇರಳದ ಮೊದಲನೆಯ ಮಂತ್ರಿಮಂಡಲವು ವಿದ್ಯಾಭ್ಯಾಸ ಮಸೂದೆಯನ್ನು ತಂದಿತು. ಶ್ರೀ ಜೋಸೆಫ್ ಮುಂಡಶ್ಶೇರಿಯವರು ಆಗಿನ ವಿದ್ಯಾಮಂತ್ರಿಗಳು. ಖಾಸಗಿ ಶಾಲೆಗಳ ಅಧ್ಯಾಪಕರಿಗೆ ಸಂಬಳವು ಸರಕಾರದಿಂದಲೇ ಸಲ್ಲುವಂತೆ ಮಾಡುವುದು, ಆಡಳಿತಗಾರರ ಅಧಿಕಾರಕ್ಕೆ ಮಿತಿ ಹಾಕುವುದು, ಅವ್ಯವಸ್ಥೆಯುಳ್ಳ ಶಾಲೆಗಳನ್ನು ಸರಕಾರವು ವಹಿಸಿಕೊಳ್ಳುವುದು ಮುಂತಾದ ವಿಷಯಗಳು ಅದರಲ್ಲಿದ್ದವು. 1957ರ ಸಪ್ಟಂಬರ್ 2ರಂದು ವಿಧಾನಸಭೆಯು ಅದನ್ನು ಅಂಗೀಕರಿಸಿತು. ಆದರೆ ಅದು ಕೂಡಲೇ ಶಾಸನವಾಗಲಿಲ್ಲ. ರಾಷ್ಟ್ರಪತಿಗಳು ಸಂವಿಧಾನದ 143ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿದರು. 1958ರ ಮೇ 22ರಂದು ಆ ಅಭಿಪ್ರಾಯವು ಹೊರಬಂತು.

ಅದರಲ್ಲಿ ಒಂದು ಮಾತು ಗಡಿನಾಡಿನವರಾದ ನಮಗೆ ಬಹು ಮುಖ್ಯವಾದುದು. ಭಾಷೆಯಿಂದಾಗಲಿ ಮತದಿಂದಾಗಲಿ ಅಲ್ಪಸಂಖ್ಯಾತರಾದವರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ಅನುಚ್ಛೇದವು ಕೊಟ್ಟಿದೆ. ಹಾಗಾದರೆ ಅಲ್ಪಸಂಖ್ಯಾತರು ಯಾರು? ಒಂದು ಗ್ರಾಮದಲ್ಲಿ ಕನ್ನಡಿಗರೇ ಹೆಚ್ಚಾಗಿದ್ದರೆ ಅಲ್ಲಿ ಅವರು ಬಹುಸಂಖ್ಯಾತರಲ್ಲವೇ ಎಂದು ಕೇಳುವವರಿದ್ದರು. ಮಸೂದೆಯು ಇಡೀ ರಾಜ್ಯಕ್ಕೆ ಅನ್ವಯಿಸುವುದರಿಂದ ಎಣಿಕೆಯನ್ನೂ ಇಡೀ ರಾಜ್ಯದ ಜನಸಂಖ್ಯೆಯನ್ನು ಹಿಡಿದೇ ಮಾಡತಕ್ಕದ್ದೆಂದು ನ್ಯಾಯಾಲಯವು ಹೇಳಿತು. ಮಂಜೇಶ್ವರದ ಅಥವಾ ಕುಂಬಳೆಯ ಒಂದು ಹಳ್ಳಿಯಲ್ಲಿ ಮನೆಮನೆಯಲ್ಲೂ ಕನ್ನಡವೇ ಇದ್ದರೂ ಆ ಹಳ್ಳಿಯ ಕನ್ನಡ ಶಾಲೆಯವರು ಅಲ್ಪಸಂಖ್ಯಾತರ ಹಕ್ಕನ್ನು ಕೇಳಬಹುದಾದದ್ದು ಈ ಕಾರಣದಿಂದ. ಅಭಿಪ್ರಾಯಕ್ಕನುಸಾರ ಮಸೂದೆಯನ್ನು ತಿದ್ದಿ ಸಭೆಯು ಮತ್ತೊಮ್ಮೆ ಅಂಗೀಕರಿಸಿತು. 1959ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆತು ಅದು ಕೇರಳ ವಿದ್ಯಾಭ್ಯಾಸ ಶಾಸನವೆನಿಸಿತು. ಅದೇ ವರ್ಷ ಅದರ ಕೆಳಗೆ ವಿದ್ಯಾಭ್ಯಾಸ ನಿಯಮಾವಳಿಯು ಬಂತು. ನಾವು ಮುಖ್ಯೋಪಾಧ್ಯಾಯರು ನಿತ್ಯ ಮಗುಚುವ “ಕೆ.ಇ.ಆರ್.” ಎಂಬ ದಪ್ಪ ಪುಸ್ತಕವು ಇದೇ.

ಶಾಸನ ಬೇರೆ, ನಿಯಮ ಬೇರೆ. ಈ ಭೇದವನ್ನು ನಾನು ಬಿ.ಟಿ. ತರಗತಿಯಲ್ಲಿ ಕಲಿತಿರಲಿಲ್ಲ, ಒಂದು ಪೆಟ್ಟು ತಿಂದು ಕಲಿತೆನು. ಶಾಲೆ ತೆರೆದ ಆರನೆಯ ಅಧ್ಯಯನ ದಿನದಂದು ಹಾಜರಿ ಪುಸ್ತಕದಲ್ಲಿರುವ ಮಕ್ಕಳ ಲೆಕ್ಕವನ್ನು ಹಿಡಿದು ಆ ವರ್ಷದ ಡಿವಿಷನ್‌ಗಳೂ ಅಧ್ಯಾಪಕರ ಹುದ್ದೆಗಳೂ ನಿಶ್ಚಯವಾಗುತ್ತವೆ ಎಂಬುದನ್ನು ಹೆತ್ತವರಲ್ಲಿ ಅನೇಕರು ಬಲ್ಲರು. ಕೆಲವು ವರ್ಷಗಳ ಹಿಂದೆ ಒಂದು ತರಗತಿಯಲ್ಲಿ ಎರಡು ಮಕ್ಕಳು ಕಡಮೆಯಾದರು. ಒಂದು ಡಿವಿಷನ್ ಹೋಯಿತು. ಆ ತರಗತಿಯ ಅಧ್ಯಾಪಿಕೆಯವರು ಸಂರಕ್ಷಿತ ಅಧ್ಯಾಪಕರ ಪಟ್ಟಿಗೆ ಸೇರಿ ಬೇರೆ ಶಾಲೆಗೆ ಹೋಗಬೇಕಾಯಿತು. ನಾನು ಆವೇಶದಿಂದ ಮೂರು ಪುಟದ ಮನವಿಯನ್ನು ಬರೆದು, ಈ ಅನ್ಯಾಯದ ಶಾಸನವನ್ನು ಸಭೆಯಲ್ಲಿ ತಿದ್ದಿಸಬೇಕೆಂದು ಒಬ್ಬ ಶಾಸಕರಿಗೆ ಕಳುಹಿಸಿದೆನು. ನಾಲ್ಕು ದಿನಗಳಲ್ಲಿ ಅವರಿಂದ ದೂರವಾಣಿ ಕರೆ ಬಂತು. “ಮಾಷ್ಟ್ರೇ, ಇದು ಶಾಸನದಲ್ಲಿ ಇಲ್ಲವಲ್ಲ. ನಿಯಮದಲ್ಲಿ ಇರುವುದು. ಯಾವ ಅಧ್ಯಾಯ, ಎಷ್ಟನೆಯ ನಿಯಮ ಎಂದು ಬರೆದು ಕೊಡಿ, ಹಣದ ಬೇಡಿಕೆ ಸಮಿತಿಗೆ ಬಂದಾಗ ಕೇಳುತ್ತೇನೆ” ಎಂದರು. ಇಪ್ಪತ್ತು ವರ್ಷ ಆ ಪುಸ್ತಕದ ನೆರಳಿನಲ್ಲೇ ಕೆಲಸ ಮಾಡಿದವನಿಗೆ ಇದಕ್ಕಿಂತ ನಾಚಿಕೆಯ ಸಂದರ್ಭ ಬೇರೆ ಬೇಕೇ? ಅಂದು ರಾತ್ರಿ ಕುಳಿತು ಇಪ್ಪತ್ತಮೂರನೆಯ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆನು. ಎರಡನೆಯ ಮನವಿಯು ಒಂದೇ ಪುಟದ್ದಾಯಿತು. ಆ ವರ್ಷ ಡಿವಿಷನ್ ಮರಳಿ ಬರಲಿಲ್ಲವೆಂಬುದನ್ನೂ ಹೇಳಬೇಕು.

ಶಾಸನವನ್ನು ತಿದ್ದಲು ಇಡೀ ಸಭೆಯ ಮತ ಬೇಕು. ನಿಯಮವನ್ನು ಸರಕಾರವೇ ರಚಿಸುತ್ತದೆ, ಸರಕಾರವೇ ತಿದ್ದುತ್ತದೆ. ಆದರೂ ಸಭೆಯ ಕಣ್ಣು ಅದರ ಮೇಲಿದೆ. ವಿದ್ಯಾಭ್ಯಾಸ ಶಾಸನದ ಕೆಳಗೆ ಮಾಡಿದ ನಿಯಮಗಳನ್ನು ಹದಿನಾಲ್ಕು ದಿನಗಳಿಗೆ ಕಡಮೆಯಿಲ್ಲದಂತೆ ಸಭೆಯ ಮುಂದೆ ಇಡಬೇಕೆಂದೂ, ಸಭೆಯು ಅವುಗಳನ್ನು ಮಾರ್ಪಡಿಸಬಹುದೆಂದೂ ಆ ಶಾಸನದಲ್ಲೇ ಹೇಳಿದೆ. ಇಂತಹ ನಿಯಮಗಳನ್ನು ಪರೀಕ್ಷಿಸುವುದಕ್ಕೆ ಅಧೀನ ಶಾಸನ ಸಮಿತಿ ಎಂಬುದೊಂದು ಪ್ರತ್ಯೇಕವಾಗಿದೆ. ಶಾಸಕರ ವರದಿಯಲ್ಲಿ ಈ ಸಮಿತಿಯ ಹೆಸರು ಕಂಡರೆ ಅದನ್ನು ದಾಟಿ ಮುಂದೆ ಹೋಗಬೇಡಿರಿ.

ಭಾಷೆಗೆ ಸಂಬಂಧಿಸಿದ ಶಾಸನಗಳನ್ನು ಓದುವಾಗ ಇನ್ನೂ ಎಚ್ಚರಿಕೆ ಬೇಕು. 1969ರ ಅಧಿಕೃತ ಭಾಷಾ ಶಾಸನದಲ್ಲಿ ಮಲಯಾಳಕ್ಕೂ ಇಂಗ್ಲಿಷಿಗೂ ಸ್ಥಾನ ಕೊಟ್ಟು, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿನೊಡನೆ, ಇಲಾಖೆಗಳ ಮುಖ್ಯಸ್ಥರೊಡನೆ ಹಾಗೂ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದೆಂದು ಹೇಳಿದೆ. 2017ರಲ್ಲಿ ಎಲ್ಲ ಶಾಲೆಗಳಲ್ಲೂ ಹತ್ತನೆಯ ತರಗತಿಯವರೆಗೆ ಮಲಯಾಳವನ್ನು ಕಡ್ಡಾಯವಾಗಿ ಕಲಿಸಬೇಕೆಂಬ ಕಾನೂನು ಮೊದಲು ಅಧ್ಯಾದೇಶವಾಗಿಯೂ ಬಳಿಕ ಶಾಸನವಾಗಿಯೂ ಬಂತು. ಅಧ್ಯಾದೇಶವೆಂದರೆ ಸಭೆಯು ಸೇರದಿರುವಾಗ ರಾಜ್ಯಪಾಲರು ಹೊರಡಿಸುವ ಕಾನೂನು. ಆಗ ಕಾಸರಗೋಡಿನಲ್ಲಿ ನಡೆದ ಪ್ರತಿಭಟನೆಯು ಮಕ್ಕಳಿಗೆ ನೆನಪಿರಲಾರದು, ಹೆತ್ತವರಿಗೆ ಇದ್ದೀತು. ಅದಕ್ಕೆ ಮೊದಲು 2015ರ ಡಿಸೆಂಬರದಲ್ಲಿ ಅಂಗೀಕೃತವಾದ ಮಲಯಾಳ ಭಾಷಾ ಮಸೂದೆಯನ್ನು ರಾಷ್ಟ್ರಪತಿಗಳಿಗಾಗಿ ಕಾಯ್ದಿರಿಸಲಾಗಿತ್ತು. 2025ರ ಅಕ್ಟೋಬರದಲ್ಲಿ ಅದೇ ವಿಷಯದ ಹೊಸ ಮಸೂದೆಯನ್ನು ಸಭೆಯು ಅಂಗೀಕರಿಸಿತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಈ ಕುರಿತು ಕೇರಳದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ರಕ್ಷಣೆ ಕೊಡುವ ಖಂಡವು ಆ ಮಸೂದೆಯಲ್ಲೇ ಉಂಟೆಂದು ಕೇರಳದ ಕಡೆಯಿಂದ ಉತ್ತರ ಬಂತು.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನಮ್ಮ ಮಕ್ಕಳು ಮಲಯಾಳವನ್ನು ಕಲಿಯುವುದು ಒಳ್ಳೆಯದೇ. ಮೇಲೆ ಹೇಳಿದ ಬಾಲಿಕೆಯು ಕಲಿತಿದ್ದುದರಿಂದಲೇ ತಂದೆಗೆ ಆ ಪತ್ರ ಅರ್ಥವಾಯಿತು. ಕನ್ನಡದಲ್ಲಿ ಗಣಿತ, ವಿಜ್ಞಾನಗಳನ್ನು ಕಲಿಸತಕ್ಕ ಅಧ್ಯಾಪಕರಿಗೆ ಕನ್ನಡ ಬಾರದಿದ್ದರೆ ಆಗುವ ನಷ್ಟವು ಬೇರೆ. ರಕ್ಷಣೆಯ ಖಂಡವು ಶಾಸನದಲ್ಲಿ ಒಂದು ವಾಕ್ಯವಾಗಿ ಇದ್ದರೂ ಅದು ತರಗತಿಯವರೆಗೆ ಇಳಿಯುವುದು ನಿಯಮಗಳಿಂದ, ಸುತ್ತೋಲೆಗಳಿಂದ, ನೇಮಕದ ಆಜ್ಞೆಗಳಿಂದ. ಶಾಸಕರು ಭಾಷಣ ಮಾಡಿದರೇ ಎಂಬುದರ ಜೊತೆಗೆ, ಮಸೂದೆಯು ಸಮಿತಿಯಲ್ಲಿದ್ದಾಗ ಆ ಖಂಡದ ಬಗ್ಗೆ ಏನು ಸೂಚಿಸಿದರು, ನಿಯಮಗಳು ಬಂದಾಗ ಅವನ್ನು ಓದಿದರೇ ಎಂದು ನಾವು ಕೇಳಬೇಕು.

ವರದಿಯಲ್ಲಿ ಬರುವ ಉಳಿದ ಮಾತುಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ನಕ್ಷತ್ರಾಂಕಿತ ಪ್ರಶ್ನೆಗೆ ಮಂತ್ರಿಗಳು ಸಭೆಯಲ್ಲೇ ಬಾಯ್ದೆರೆ ಉತ್ತರ ಕೊಡುತ್ತಾರೆ, ಮರುಪ್ರಶ್ನೆಗೂ ಅವಕಾಶವಿದೆ. ನಕ್ಷತ್ರವಿಲ್ಲದ್ದಕ್ಕೆ ಬರಹದ ಉತ್ತರ. ನನಗೆ ಎರಡನೆಯದರಲ್ಲೇ ಆಸೆ ಹೆಚ್ಚು, ಏಕೆಂದರೆ ಅಂಕೆಸಂಖ್ಯೆಗಳು ದೊರೆಯುವುದು ಅದರಲ್ಲಿ. ಸಬ್ಮಿಷನ್ ಎಂದರೆ ಜರೂರಾದ ಸ್ಥಳೀಯ ವಿಷಯವೊಂದನ್ನು ಸಭಾಧ್ಯಕ್ಷರ ಅನುಮತಿಯಿಂದ ಮಂತ್ರಿಗಳ ಗಮನಕ್ಕೆ ತರುವುದು. ಮಂತ್ರಿಗಳು ಸಭೆಯಲ್ಲಿ “ಮಾಡುತ್ತೇವೆ” ಎಂದದ್ದು ನಡೆಯಿತೇ ಎಂದು ನೋಡುವುದಕ್ಕೆ ಭರವಸೆಗಳ ಸಮಿತಿಯಿದೆ. ಸಾರ್ವಜನಿಕರ ಮನವಿಗಳಿಗೆ ಅರ್ಜಿಗಳ ಸಮಿತಿಯಿದೆ.

ಇನ್ನು ಭಾಷೆಯ ಅಂಜಿಕೆ. ಸಭೆಯ ವ್ಯವಹಾರವು ರಾಜ್ಯದ ಅಧಿಕೃತ ಭಾಷೆಯಲ್ಲಿ, ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಆದರೆ ಅವುಗಳಲ್ಲಿ ಸಮರ್ಪಕವಾಗಿ ಮಾತಾಡಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದು ಸಂವಿಧಾನದ 210ನೆಯ ಅನುಚ್ಛೇದವು ಹೇಳುತ್ತದೆ. 2021ರಲ್ಲಿ ಮಂಜೇಶ್ವರದ ಸದಸ್ಯರಾಗಿ ಆಯ್ಕೆಯಾದ ಶ್ರೀ ಎ.ಕೆ.ಎಂ. ಅಶ್ರಫ್ ಅವರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದುದನ್ನು ನಮ್ಮ ಮಕ್ಕಳು ದೂರದರ್ಶನದಲ್ಲಿ ನೋಡಿ ಸಂತೋಷಪಟ್ಟಿದ್ದರು. ಪ್ರಜೆಗಳ ಪಾಲಿಗೆ 350ನೆಯ ಅನುಚ್ಛೇದವಿದೆ. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ತನ್ನ ಕುಂದುಕೊರತೆಯನ್ನು ಅಧಿಕಾರಿಗಳಿಗೆ ಬರೆದುಕೊಳ್ಳುವ ಹಕ್ಕು ಅದರಿಂದ ಪ್ರತಿಯೊಬ್ಬನಿಗೂ ಇದೆ.

ಆ ತಂದೆಯವರು ಓಣಂ ರಜೆ ಕಳೆದ ಮೇಲೆ ಪುನಃ ಬಂದರು. ಈ ಸಲ ಕೈಯಲ್ಲಿದ್ದುದು ಅವರದೇ ಪತ್ರ. ಮಗಳ ತರಗತಿಯಲ್ಲಿ ಒಂದು ವಿಷಯಕ್ಕೆ ಕನ್ನಡ ಬಲ್ಲ ಅಧ್ಯಾಪಕರಿಲ್ಲದೆ ಎಷ್ಟು ವಾರಗಳು ಕಳೆದವೆಂದು ತಾರೀಕು ಸಹಿತ ಕನ್ನಡದಲ್ಲಿ ಬರೆದು, ಕೆಳಗೆ ಒಂಬತ್ತು ಮಂದಿ ಹೆತ್ತವರ ಸಹಿ ಹಾಕಿಸಿದ್ದರು. ತಪ್ಪಿದ್ದರೆ ತಿದ್ದಿಕೊಡಬೇಕೆಂದರು. ನಾನು ಒಂದು ತಾರೀಕನ್ನು ಮಾತ್ರ ಸರಿಪಡಿಸಿ, ಸಂಬಂಧಪಟ್ಟ ನಿಯಮದ ಸಂಖ್ಯೆಯನ್ನು ಪೆನ್ಸಿಲಿನಿಂದ ಅಂಚಿನಲ್ಲಿ ಗುರುತು ಮಾಡಿ ಹಿಂದಕ್ಕೆ ಕೊಟ್ಟೆನು.