ಉಪಗ್ರಹ ಕೇಂದ್ರ, ಕಾಫಿ ಬೀಜ ಮತ್ತು ಮಲೆನಾಡಿನ ಆದಾಯ

ದೊಡ್ಡ ವೈಜ್ಞಾನಿಕ ಕೇಂದ್ರವೊಂದಕ್ಕೆ ಸುರಿಯುವ ಹಣವು ಕಾಮಗಾರಿಯ ಕೂಲಿ, ಸಿಬ್ಬಂದಿಯ ಸಂಬಳ, ಮನೆ ಬಾಡಿಗೆ, ದಿನಸಿ ಹೀಗೆ ಕೈಯಿಂದ ಕೈಗೆ ಸಾಗುತ್ತ ಮೂಲ ಮೊತ್ತಕ್ಕಿಂತ ಹೆಚ್ಚಿನ ಆದಾಯವನ್ನು ಹುಟ್ಟಿಸಬಲ್ಲದು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಗುಣಕ ಪರಿಣಾಮವೆಂದು ಹೆಸರು. ಆದರೆ ಬೇಕಾದ ಸಾಮಗ್ರಿಯನ್ನು ಹೊರಗಿನಿಂದ ತರಿಸಿದಷ್ಟೂ ಹಣ ಊರಿನಲ್ಲಿ ನಿಲ್ಲದೆ ಹೊರಹರಿಯುತ್ತದೆ, ಮತ್ತು ಸೋರಿಕೆಯೆನಿಸುವ ಈ ಪಾಲು ಸಣ್ಣ ಪಟ್ಟಣಗಳಲ್ಲಿ ಸಹಜವಾಗಿಯೇ ದೊಡ್ಡದು.

ಮಲೆನಾಡಿಗೆ ಹತ್ತಿರದ ನಿದರ್ಶನ ಹಾಸನದ ಎಂಸಿಎಫ್, ಅಂದರೆ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಇನ್ಸಾಟ್-1ಎ ಉಡಾವಣೆಯಾದ 1982ರಲ್ಲೇ ಆರಂಭವಾದ ಇದು ಸಂಶೋಧನಾಲಯಕ್ಕಿಂತ ಹೆಚ್ಚಾಗಿ ಕಾರ್ಯಾಚರಣೆಯ ಕೇಂದ್ರ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಭ್ರಮಣಕ್ಕೆ ಸರಿಸಮನಾಗಿ ಸುತ್ತುತ್ತ, ನೆಲದಿಂದ ನೋಡುವವರಿಗೆ ನಿಂತಂತೆಯೇ ತೋರುವ ಭೂಸ್ಥಿರ ಉಪಗ್ರಹಗಳು ಸೂರ್ಯ ಚಂದ್ರರ ಸೆಳೆತಕ್ಕೆ ಸ್ಥಾನ ಬಿಟ್ಟು ಸರಿಯದಂತೆ ಇಲ್ಲಿನ ತಂತ್ರಜ್ಞರು ಹಗಲಿರುಳು ಕಾಯುತ್ತಾರೆ. ಅದರ ಫಲವಾದ ದೂರದರ್ಶನ ಪ್ರಸಾರ ಮತ್ತು ಹವಾಮಾನ ಚಿತ್ರ ಇಡೀ ದೇಶಕ್ಕೆ ಸಲ್ಲುತ್ತವೆ. ಕಾಫಿ, ಮೆಣಸು, ಭತ್ತ ಬೆಳೆಯುವ ಸೀಮೆಯಲ್ಲಿ ಈ ಕೇಂದ್ರ ಕೊಳ್ಳಬಹುದಾದ ಸರಕು ಮಾತ್ರ ಕಡಿಮೆ.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಕಥೆ ಬೇರೆ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಾಗಿ ಕಾಣಿಸಿಕೊಂಡು ಗಿಡವನ್ನೇ ಬೋಳಾಗಿಸುವ ಶಿಲೀಂಧ್ರ ರೋಗವಾದ ಎಲೆತುಕ್ಕನ್ನು ಎದುರಿಸಲು 1925ರಲ್ಲಿ ಸ್ಥಾಪನೆಗೊಂಡ ಈ ಕೇಂದ್ರವು ಎಸ್.288 ಮತ್ತು ಕೆಂಟ್ಸ್ ತಳಿಗಳನ್ನು ಸಂಕರಿಸಿ 1940ರ ದಶಕದಲ್ಲಿ ಎಸ್.795 ತಳಿಯನ್ನು ಬೆಳೆಗಾರರಿಗೆ ಕೊಟ್ಟಿತು. ಅರೇಬಿಕಾ ಸ್ವಪರಾಗಸ್ಪರ್ಶದ ಸಸ್ಯವಾದ್ದರಿಂದ ಅದರ ಬೀಜದ ಸಸಿಗಳು ಬಹುಮಟ್ಟಿಗೆ ತಾಯಿಗಿಡವನ್ನೇ ಹೋಲುತ್ತವೆ. ಹೀಗಾಗಿ ಒಮ್ಮೆ ಕೈಸೇರಿದ ತಳಿಯನ್ನು ಬೆಳೆಗಾರರೇ ಮಡಿಗಳಲ್ಲಿ ಹೆಚ್ಚಿಸಿಕೊಂಡರು, ಅದರ ಆದಾಯ ತೋಟದ ಆಳುಗಳಿಗೂ ಪಲ್ಪಿಂಗ್ ಮನೆಗೂ ಕ್ಯೂರಿಂಗ್ ವರ್ಕ್ಸ್‌ಗೂ ಹಂಚಿಹೋಯಿತು. ಈ ಲಾಭವು ಯಾವ ಕಾಮಗಾರಿಯ ಲೆಕ್ಕಪತ್ರದಲ್ಲಿಯೂ ಸಿಗುವಂಥದ್ದಲ್ಲವಾದ್ದರಿಂದ ಕೇಂದ್ರಗಳ ಮೌಲ್ಯವನ್ನು ಕಟ್ಟಡದ ವೆಚ್ಚದಿಂದ ಅಳೆಯುವ ವಾಡಿಕೆ ಮಲೆನಾಡಿನ ಮಟ್ಟಿಗೆ ಅಷ್ಟೇನೂ ಉಪಯೋಗವಿಲ್ಲದ್ದು.

ಆದರೂ ಬೀಜದ ಲಾಭ ಶಾಶ್ವತವಲ್ಲ. ತುಕ್ಕುಶಿಲೀಂಧ್ರದ ಹೊಸ ತಳಿಗಳು ಕಾಲಕ್ರಮದಲ್ಲಿ ಎಸ್.795ರ ನಿರೋಧವನ್ನು ಸಡಿಲಿಸಿದವು, ಕಾಂಡಕೊರಕ ಹುಳುವಂತೂ ಅರೇಬಿಕಾ ತೋಟಗಳನ್ನು ಇಂದಿಗೂ ಬಿಟ್ಟಿಲ್ಲ.